ನಮ್ಮ ಏರಿಯಾದ ಮರಗಾಣದ ಎಣ್ಣೆ: ಎಂಟು ತಿಂಗಳು ಬಳಸಿದ ಮೇಲೆ ಬರೀತಿರೋ ರಿವ್ಯೂ

ತುಮಕೂರಲ್ಲಿ ನಮ್ಮ ಮನೆಯಿಂದ ಎರಡು ರಸ್ತೆ ಆಚೆ ಒಂದು ಮರಗಾಣದ ಅಂಗಡಿ ಇದೆ, ಎಂಟು ತಿಂಗಳಿಂದ ಅಡುಗೆಗೆ ಅಲ್ಲಿಂದಾನೇ ಎಣ್ಣೆ ತರ್ತಿದೀನಿ, ಕಡ್ಲೆಕಾಯಿ, ಕೊಬ್ಬರಿ, ಕುಸುಬೆ ಮೂರೂ ಬಳಸಿ ಆಯ್ತು. ನಾನು ಪಿಯು ಕಾಲೇಜಲ್ಲಿ ಬಯಾಲಜಿ ಹೇಳ್ಕೊಡೋಳು, ಲಿಪಿಡ್, ಅಂದ್ರೆ ಎಣ್ಣೆ ಕೊಬ್ಬಿನ ಪಾಠ ಪ್ರತಿ ವರ್ಷ ಮಾಡ್ತೀನಿ, ಹಾಗಾಗಿ ರುಚಿ ಜೊತೆಗೆ ಸ್ವಲ್ಪ ಅದರ ವಿಷಯಾನೂ ಬರೀತೀನಿ, ಯಾಕಂದ್ರೆ ಇಲ್ಲಿಗೆ ಬರೋರು ಕೇಳೋ ಪ್ರಶ್ನೆಗಳಿಗೆಲ್ಲ ಉತ್ತರ ಅಲ್ಲೇ ಇರೋದು.

ಮೊದಲು ಕಡ್ಲೆಕಾಯಿ ಎಣ್ಣೆ. ಇದಕ್ಕೆ ಪೂರ್ತಿ ಮಾರ್ಕ್ಸ್. ಬೆಳಗ್ಗೆ ಹನ್ನೊಂದರ ಒಳಗೆ ಹೋದ್ರೆ ಗಾಣ ತಿರುಗ್ತಾ ಇರುತ್ತೆ, ಎತ್ತಿನ ಬದಲು ಮೋಟರ್ರು, ಆದ್ರೆ ಒರಳು, ಒನಕೆ ಎರಡೂ ಮರದ್ದೇ, ನಿಧಾನಕ್ಕೆ ತಿರುಗುತ್ತೆ. ಒಂದ್ಸಲ ಇಳೀತಿದ್ದ ಎಣ್ಣೆಗೇ ಬೆರಳಿಟ್ಟು ನೋಡಿದೆ, ಬೆಚ್ಚಗಿತ್ತು ಅಷ್ಟೆ. ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಬೀಜ ಬೇಕು ಅಂತಾರೆ ಅಂಗಡಿಯಣ್ಣ, ಬೀಜದಲ್ಲಿ ಅರ್ಧದ ಹತ್ರ ಎಣ್ಣೆ ಇದ್ರೂ ಗಾಣದಲ್ಲಿ ಪೂರ್ತಿ ಬಿಡಲ್ಲ, ಉಳಿದಿದ್ದು ಹಿಂಡಿ ಜೊತೆ ಹಸುಗೆ ಹೋಗುತ್ತೆ. ಅಂಗಡಿ ಪ್ಯಾಕೆಟ್ಟಿಗಿಂತ ರೇಟು ಜಾಸ್ತಿ ಯಾಕೆ ಅಂತ ಕೇಳೋರಿಗೆ ಲೆಕ್ಕ ಅಲ್ಲೇ ಸಿಗುತ್ತೆ.

ನನಗೆ ತುಂಬಾ ಹಿಡಿಸಿದ್ದು ಇವರು ಬೀಜ ಆರಿಸೋ ರೀತಿ. ಅಂಗಡಿಯಣ್ಣನ ಅಮ್ಮ ಮೊರ ಹಿಡ್ಕೊಂಡು ಕೂತು ಮುರುಟಿದ್ದು, ಬಣ್ಣ ಕೆಟ್ಟಿದ್ದು, ಬೂಷ್ಟು ಹಿಡಿದಿದ್ದು ಒಂದೊಂದೇ ತೆಗೆದು ಆಚೆ ಹಾಕ್ತಾರೆ. ಇದು ಸುಮ್ಮನೆ ಶಾಸ್ತ್ರಕ್ಕೆ ಮಾಡೋ ಕೆಲಸ ಅಲ್ಲ. ಬೂಷ್ಟು ಹಿಡಿದ ಕಡ್ಲೆಬೀಜದಲ್ಲಿ ಅಫ್ಲಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರ್‌ಗೆ ಬಹಳ ಕೆಟ್ಟದ್ದು. ರಿಫೈನ್ ಮಾಡುವಾಗ ಅದು ಹೆಚ್ಚುಕಮ್ಮಿ ಹೋಗುತ್ತೆ, ಗಾಣದ ಎಣ್ಣೆಲಿ ಅದನ್ನ ತೆಗೆಯೋ ಹಂತಾನೇ ಇಲ್ಲ, ಬೀಜ ಚೆನ್ನಾಗಿದ್ರೆ ಮಾತ್ರ ಎಣ್ಣೆ ಚೆನ್ನಾಗಿರುತ್ತೆ. ನೀವು ಯಾವ ಗಾಣದಲ್ಲಿ ತಗೊಂಡ್ರೂ ಎಣ್ಣೆ ಮೂಸೋಕೆ ಮುಂಚೆ ಬೀಜದ ಚೀಲ ನೋಡಿ.

ತುಂಬಾ ಜನ ಕಂಪ್ಲೇಂಟ್ ಮಾಡೋದು ತಳದಲ್ಲಿ ಮಡ್ಡಿ ಕೂರುತ್ತೆ, ಪೂರಿ ಕರಿಯುವಾಗ ನೊರೆ ಉಕ್ಕುತ್ತೆ ಅಂತ. ಕಲಬೆರಕೆ ಅಂದ್ಕೋಬೇಡಿ. ಆ ಮಡ್ಡಿಲಿ ಬೀಜದ ಸಣ್ಣ ಪುಡಿ ಜೊತೆ ಫಾಸ್ಫೋಲಿಪಿಡ್ ಇರುತ್ತೆ. ಮಾಮೂಲಿ ಎಣ್ಣೆ ಅಂದ್ರೆ ಒಂದು ಪುಟ್ಟ ಅಣುವಾದ ಗ್ಲಿಸರಾಲ್‌ಗೆ ಫ್ಯಾಟಿ ಆಸಿಡ್ ಅನ್ನೋ ಮೂರು ಉದ್ದ ಕಾರ್ಬನ್ ಬಾಲ ಅಂಟಿರೋದು, ಫಾಸ್ಫೋಲಿಪಿಡ್ಡಲ್ಲಿ ಬಾಲ ಎರಡೇ, ಮೂರನೇ ಜಾಗದಲ್ಲಿ ಫಾಸ್ಫೇಟ್ ತಲೆ, ಆ ತಲೆಗೆ ನೀರು ಇಷ್ಟ, ಬಾಲಕ್ಕೆ ನೀರು ಕಂಡ್ರೆ ಆಗಲ್ಲ. ಈ ಗುಣದಿಂದಾನೇ ಪೂರಿ ಹಿಟ್ಟಿನ ನೀರು ಆವಿಯಾಗಿ ಬರುವಾಗ ನೊರೆ ಕಟ್ಟೋದು, ಮತ್ತೆ ಇದೇ ಗುಣದಿಂದಾನೇ ನಮ್ಮ ಮೈಯ ಒಂದೊಂದು ಜೀವಕೋಶಕ್ಕೂ ಪೊರೆ ಇರೋದು, ಬಾಲಗಳು ಒಳಗೆ ಎದುರುಬದುರು, ತಲೆಗಳು ಹೊರಗೆ ನೀರಿನ ಕಡೆ, ಎರಡು ಪದರ. ಇದನ್ನ ಹೇಳುವಾಗ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತೆ, ಇಷ್ಟು ತೆಳು ಎಣ್ಣೆ ಪದರ ಇಲ್ದಿದ್ರೆ ಒಳಗೆ ಹೊರಗೆ ಅನ್ನೋದೇ ಇರ್ತಿರ್ಲಿಲ್ಲ. ಎರಡು ದಿನ ಅಲುಗಾಡಿಸದೆ ಇಟ್ಟು ಮೇಲಿನ ತಿಳಿ ಬಗ್ಗಿಸಿ ಕರಿಯೋಕೆ ಇಟ್ಕೊಳಿ, ತಳದ್ದು ಒಗ್ಗರಣೆಗೆ, ಚಿತ್ರಾನ್ನಕ್ಕೆ ಬಳಸಿ.

ಕೊಬ್ಬರಿ ಎಣ್ಣೇನೂ ಚೆನ್ನಾಗಿದೆ, ತಿಪಟೂರಿನ ಕೊಬ್ಬರಿ, ಬಾಟ್ಲಿ ತೆಗೆದ್ರೆ ಸಾಕು ಘಮ್ ಅನ್ನುತ್ತೆ. ಡಿಸೆಂಬರ್‌ನಲ್ಲಿ ನಾನು ಅಂಗಡಿಲಿದ್ದಾಗ ಒಬ್ರು ಗಟ್ಟಿಯಾಗಿರೋ ಬಾಟ್ಲಿ ಹಿಡ್ಕೊಂಡು ಬಂದು, "ಏನಣ್ಣ, ಮೇಣ ಬೆರೆಸಿದೀರಾ, ನೋಡಿ ಹೆಂಗೆ ಕೂತಿದೆ" ಅಂತ ಜೋರು ಮಾಡಿದ್ರು. ಅಂಗಡಿಯಣ್ಣ ಪಾಪ "ಚಳಿಗೆ ಹಂಗಾಗುತ್ತೆ ಸಾರ್" ಅಂತಾರೆ, ಅವರು ನಂಬ್ತಿಲ್ಲ, "ಹಂಗಾದ್ರೆ ಕಡ್ಲೆಕಾಯಿ ಎಣ್ಣೆ ಯಾಕೆ ಆಗಿಲ್ಲ" ಅಂದ್ರು. ಪ್ರಶ್ನೆ ಸರಿಯಾಗೇ ಇತ್ತು. ನಾನು ಹೇಳಿದೆ, ಸಾರ್, ನೆಟ್ಟಗಿರೋ ಸೌದೆನ ಒತ್ತೊತ್ತಾಗಿ ಪೇರಿಸಬಹುದು, ಡೊಂಕು ಕೊಂಬೆ ಹಾಗೆ ಕೂರಲ್ಲ, ಮಧ್ಯ ಸಂದಿ ಬಿಡುತ್ತೆ. ಕೊಬ್ಬರಿ ಎಣ್ಣೆಲಿ ನೂರಕ್ಕೆ ತೊಂಬತ್ತರಷ್ಟು ಸ್ಯಾಚುರೇಟೆಡ್, ಅಂದ್ರೆ ಡಬಲ್ ಬಾಂಡ್ ಇಲ್ಲದ್ದು, ಆ ಬಾಲ ಎಲ್ಲ ನೆಟ್ಟಗೆ, ಅದರಲ್ಲೂ ಅರ್ಧದ ಹತ್ರ 12 ಕಾರ್ಬನ್ನಿನ ಲಾರಿಕ್ ಆಸಿಡ್, ಹಾಗಾಗಿ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದ್ರೆ ಒತ್ತೊತ್ತಾಗಿ ಕೂತು ಗಟ್ಟಿಯಾಗುತ್ತೆ. ಕಡ್ಲೆಕಾಯಿ ಎಣ್ಣೆಲಿ ಜಾಸ್ತಿ ಇರೋದು ಓಲಿಯಿಕ್, ಲಿನೋಲಿಯಿಕ್, ಅವಕ್ಕೆ ನಡುವೆ ಡಬಲ್ ಬಾಂಡ್, ಅಂದ್ರೆ ಎರಡು ಕಾರ್ಬನ್ ನಡುವೆ ಜೋಡಿ ಕೊಂಡಿ ಇರೋದ್ರಿಂದ ಬಾಲ ಡೊಂಕು. ಅವರು ಬಾಟ್ಲಿನ ಬಿಸಿಲಿಗೆ ಹಿಡಿದು ಒಂದೈದು ನಿಮಿಷ ನೋಡಿದ್ರು, ಅಂಚಲ್ಲಿ ಕರಗೋಕೆ ಶುರುವಾಯ್ತು, ಏನೂ ಮಾತಾಡದೆ ಬಾಟ್ಲಿನ ಬ್ಯಾಗಿಗೆ ಹಾಕ್ಕೊಂಡು ಹೋದ್ರು.

ಕುಸುಬೆ ಎಣ್ಣೆ ವಿಷಯದಲ್ಲಿ ಮಾತ್ರ ನನಗೆ ಬೇಜಾರಾಗಿದೆ. ಮೊದಲ ಸಲ ತಂದಿದ್ದು ಅಡ್ಡಿಯಿಲ್ಲ, ಎರಡನೇ ಸಲ ತಂದ ಬಾಟ್ಲಿ ಕಮಟು ವಾಸನೆ, ಹಳೇ ಪೇಂಟ್ ಡಬ್ಬಿ ತೆಗೆದ ಹಾಗೆ, ಮುಚ್ಚಳದ ಸುತ್ತ ಜಿಗುಟು. ಆ ಎಣ್ಣೆಲಿ ಹಾಕಿದ ಒಗ್ಗರಣೆಯಿಂದ ಒಂದು ಪಾತ್ರೆ ಸೊಪ್ಪಿನ ಪಲ್ಯ ಚೆಲ್ಲಬೇಕಾಯ್ತು. ಕಾರಣ ಏನಂದ್ರೆ, ಚಿನ್ನದ ಬಣ್ಣ ಕಾಣ್ಲಿ ಅಂತ ಬಾಟ್ಲಿಗಳನ್ನ ಮುಂದಿನ ಗಾಜಿನ ಶೆಲ್ಫಲ್ಲಿ, ಸಾಯಂಕಾಲದ ಬಿಸಿಲು ನೇರ ಬೀಳೋ ಕಡೆ ಇಟ್ಟಿರ್ತಾರೆ. ಮಾಮೂಲಿ ಕುಸುಬೆಲಿ ಮುಕ್ಕಾಲು ಪಾಲು ಲಿನೋಲಿಯಿಕ್ ಆಸಿಡ್, ಎರಡೆರಡು ಡಬಲ್ ಬಾಂಡ್, ಅವುಗಳ ನಡುವಿನ ಜಾಗಕ್ಕೆ ಗಾಳಿಯ ಆಕ್ಸಿಜನ್ ಬಂದು ಹತ್ಕೊಳ್ಳೋದು ಬಲು ಸುಲಭ, ಬೆಳಕು ಬಿಸಿ ಸೇರಿದ್ರೆ ಇನ್ನೂ ಬೇಗ. ಒಳ್ಳೇ ಎಣ್ಣೇನೇ ಅದು, ನಮ್ಮ ಮೈ ತಾನಾಗಿ ಮಾಡ್ಕೊಳ್ಳೋಕಾಗದ ಫ್ಯಾಟಿ ಆಸಿಡ್ ಈ ಲಿನೋಲಿಯಿಕ್, ಚರ್ಮಕ್ಕೆ ಬೇಕು, ಮೈಯೊಳಗೆ ಹಾರ್ಮೋನ್ ತರ ಕೆಲಸ ಮಾಡೋ ಪ್ರೊಸ್ಟಗ್ಲ್ಯಾಂಡಿನ್ ತಯಾರಾಗೋಕೆ ಬೇಕು, ಆದ್ರೆ ಇಡೋಕೆ ಬರದಿದ್ರೆ ಅದೇ ಬೇಗ ಕೆಡೋದು. ವಾಪಸ್ ತಗೊಂಡು ಹೋದೆ, ದುಡ್ಡು ಕೊಟ್ರು, ಬೇಸರ ಮಾಡ್ಕೊಳ್ಳದೆ ಕೇಳಿಸ್ಕೊಂಡ್ರು, ಆದ್ರೆ ಶೆಲ್ಫ್ ಇನ್ನೂ ಅಲ್ಲೇ ಇದೆ. ಹೋದ ವಾರ ಮತ್ತೆ ಹೇಳಿ ಬಂದಿದೀನಿ.

ಇನ್ನೊಂದು, ಹೊರಗಡೆ ಬೋರ್ಡಲ್ಲಿ ದಪ್ಪಕ್ಷರದಲ್ಲಿ "ಕೊಲೆಸ್ಟ್ರಾಲ್ ಇಲ್ಲದ ಎಣ್ಣೆ" ಅಂತಿದೆ. ಸುಳ್ಳಲ್ಲ, ಆದ್ರೆ ಗಿಡದಿಂದ ಬರೋ ಯಾವ ಎಣ್ಣೆಲೂ ಲೆಕ್ಕಕ್ಕೆ ಬರೋಷ್ಟು ಕೊಲೆಸ್ಟ್ರಾಲ್ ಇರಲ್ಲ, ಪ್ಯಾಕೆಟ್ ಎಣ್ಣೆಲೂ ಇಲ್ಲ. ಕೊಲೆಸ್ಟ್ರಾಲನ್ನ ನಮ್ಮ ಲಿವರೇ ಮಾಡುತ್ತೆ, ಪಿತ್ತರಸಕ್ಕೆ, ವಿಟಮಿನ್ ಡಿಗೆ, ಎಷ್ಟೋ ಹಾರ್ಮೋನಿಗೆ ಅದೇ ಕಚ್ಚಾವಸ್ತು. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅಂತ ಕರೆಯೋ ಎಲ್‌ಡಿಎಲ್ ಏರಿಸೋದ್ರಲ್ಲಿ ಸ್ಯಾಚುರೇಟೆಡ್ ಫ್ಯಾಟ್, ವನಸ್ಪತಿ ತರ ಎಣ್ಣೆನ ಗಟ್ಟಿ ಮಾಡುವಾಗ ಹುಟ್ಟೋ ಟ್ರಾನ್ಸ್ ಫ್ಯಾಟ್, ಇವೆರಡರ ಕೈವಾಡ ದೊಡ್ಡದು. ಟ್ರಾನ್ಸ್ ಫ್ಯಾಟ್ ಎಣ್ಣೆ, ವನಸ್ಪತಿಲಿ 2% ಮೀರಬಾರ್ದು ಅಂತ 2022ರ ಜನವರಿಯಿಂದ ನಮ್ಮಲ್ಲಿ ನಿಯಮಾನೇ ಇದೆ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ನಮ್ಮ ಮಾವನವರಿಗೆ ಸ್ಟೆಂಟ್ ಹಾಕಿದೆ. ಆ ಬೋರ್ಡ್ ಓದ್ಕೊಂಡು ಬಂದು "ಗಾಣದ ಎಣ್ಣೆ ಅಲ್ವಾಮ್ಮ, ಎಷ್ಟು ಹಾಕಿದ್ರೂ ಏನಾಗಲ್ಲ" ಅಂತ ಮುದ್ದೆ ಸಾರಿಗೂ ಮೇಲೆ ಎಣ್ಣೆ ಸುರ್ಕೊಳ್ಳೋಕೆ ಶುರು ಮಾಡಿದ್ರು. ಆಗ ಕೂತು ಲೆಕ್ಕ ಹಾಕಿದೆ. ಒಂದು ಲೀಟರ್ ಅಂದ್ರೆ ಸುಮಾರು 910 ಗ್ರಾಂ, ನಾಲ್ಕು ಜನಕ್ಕೆ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾಗ್ತಿತ್ತು, ತಲೆಗೆ ದಿನಕ್ಕೆ 30 ಗ್ರಾಂ, ಗ್ರಾಂಗೆ 9 ಕ್ಯಾಲೊರಿ, ಬರೀ ಅಡುಗೆ ಎಣ್ಣೆಯಿಂದಾನೇ 270. ಗಾಣದ್ದಾದ್ರೂ ಅಷ್ಟೇ, ರಿಫೈನ್ಡ್ ಆದ್ರೂ ಅಷ್ಟೇ. ಹಾಗಂತ ಪೂರ್ತಿ ಬಿಡೋ ಹಾಗೂ ಇಲ್ಲ, ಎ, ಡಿ, ಇ, ಕೆ ವಿಟಮಿನ್ನುಗಳು ಮೈಗೆ ಹತ್ತೋಕೆ ಒಂದಿಷ್ಟು ಕೊಬ್ಬು ಬೇಕೇ ಬೇಕು, ಕ್ಯಾರೆಟ್ ಕೋಸಂಬರಿಗೆ ಹಾಕೋ ಅರ್ಧ ಚಮಚ ಒಗ್ಗರಣೆ ಅದಕ್ಕೂ ಕೆಲಸಕ್ಕೆ ಬರುತ್ತೆ. ಈಗ ತಿಂಗಳಿಗೆ ಎರಡೂವರೆ ಲೀಟರ್‌ಗೆ ಇಳಿಸಿದೀವಿ, ಮಾವನವರ ತಟ್ಟೆಗೆ ಚಮಚದಲ್ಲಿ ಅಳೆದು ನಾನೇ ಹಾಕ್ತೀನಿ. ವಾಸನೆ ಚೆನ್ನಾಗಿರೋದ್ರಿಂದ ಕಮ್ಮಿ ಹಾಕಿದ್ರೂ ಅವರಿಗೆ ಸಪ್ಪೆ ಅನ್ಸಲ್ಲ.

ಕಡ್ಲೆಕಾಯಿಗೆ ಐದಕ್ಕೆ ಐದು ಸ್ಟಾರ್, ಕೊಬ್ಬರಿಗೆ ನಾಲ್ಕೂವರೆ, ಕುಸುಬೆಗೆ ಎರಡು. ಹೋಗೋರು ಒಣಗಿದ ಸ್ಟೀಲ್ ಡಬ್ಬಿ ತಗೊಂಡು ಹೋಗಿ, ಒಂದು ಹನಿ ನೀರೂ ಇರಬಾರ್ದು, ತಾಮ್ರ ಹಿತ್ತಾಳೆ ಬೇಡ, ಅದರಲ್ಲಿ ಎಣ್ಣೆ ಇನ್ನೂ ಬೇಗ ಕಮಟಾಗುತ್ತೆ. ಮುಂದಿನ ಶೆಲ್ಫಿನ ಬಾಟ್ಲಿ ಮುಟ್ಟಬೇಡಿ, "ಒಳಗಿನ ಡ್ರಮ್ಮಿಂದ ಹಾಕಿ ಅಣ್ಣ, ಯಾವತ್ತು ಆಡ್ಸಿದ್ದು" ಅಂತ ಕೇಳಿ, ಸರಿಯಾಗೇ ಹೇಳ್ತಾರೆ. ಭಾನುವಾರ ಗಾಣಕ್ಕೆ ರಜಾ.