ಎಮರಿಯೋ ಅಂಡರ್‌ಓತೋ? ಮೂರು ಆಲ್ಬಂ ಕೊಂಡು ಕೇಳಿದ ಮೇಲೆ

ಮೆಲೋಡಿಕ್ ಪೋಸ್ಟ್-ಹಾರ್ಡ್‌ಕೋರ್ (ರಾಗವೂ ಅರಚೂ ಬೆರೆತ ಗಡಸು ರಾಕ್) ಕೇಳಬೇಕು, ಒಂದೇ ಸಿಡಿ ಕೊಳ್ಳುವಷ್ಟು ದುಡ್ಡಿದೆ, ಯಾವುದು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಅಮೆರಿಕದ ಎಮರಿ ಬ್ಯಾಂಡಿನ ‘ದ ಕ್ವೆಶ್ಚನ್’. 2005ರಲ್ಲಿ ಬಂದದ್ದು. ಅದರ ಜೊತೆಗೇ ಅಂಡರ್‌ಓತ್ ಬ್ಯಾಂಡಿನ ಎರಡು ಸಿಡಿ ಕೂಡ ಕೊಂಡಿದ್ದೆ. ಒಂದು 2004ರ ‘ದೇರ್ ಓನ್ಲಿ ಚೇಸಿಂಗ್ ಸೇಫ್ಟಿ’, ಇನ್ನೊಂದು 2006ರ ‘ಡಿಫೈನ್ ದ ಗ್ರೇಟ್ ಲೈನ್’. ಹೆಸರು, ಮಾರಾಟ ಎರಡರಲ್ಲೂ ಅಂಡರ್‌ಓತ್ ದೊಡ್ಡದು. ಆದರೂ ನನ್ನ ಪ್ಲೇಯರ್‌ನಲ್ಲಿ ಜಾಸ್ತಿ ತಿರುಗಿದ್ದು ಎಮರಿ.

ಇವನ್ನು ಒಟ್ಟಿಗೆ ಇಟ್ಟು ನೋಡಲು ಕಾರಣ ಇದೆ. ಎಮರಿ ಇದ್ದದ್ದು ಸಿಯಾಟಲ್‌ನ ಟೂತ್ ಆಂಡ್ ನೇಲ್ ಎಂಬ ರೆಕಾರ್ಡ್ ಕಂಪನಿಯಲ್ಲಿ. ಅಂಡರ್‌ಓತ್ ಇದ್ದದ್ದು ಅದೇ ಕಂಪನಿ ಗಡಸು ಸಂಗೀತಕ್ಕೆಂದು ನಡೆಸುವ ಸಾಲಿಡ್ ಸ್ಟೇಟ್ ಲೇಬಲ್‌ನಲ್ಲಿ. ಎರಡಕ್ಕೂ ಆಗ ಕ್ರಿಶ್ಚಿಯನ್ ರಾಕ್ ಬ್ಯಾಂಡು ಎಂಬ ಹೆಸರಿತ್ತು. ಎರಡರಲ್ಲೂ ಒಬ್ಬರು ರಾಗವಾಗಿ ಹಾಡಿದರೆ ಇನ್ನೊಬ್ಬರು ಗಂಟಲು ಹರಿಯುವಂತೆ ಅರಚುತ್ತಾರೆ. ಇವರ ನಂಬಿಕೆ ನನ್ನದಲ್ಲ. ಆದರೆ ದೇವರ ಮುಂದೆ ನಿಂತು ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುವ ಹಾಡು ಯಾರದಾದರೇನು, ಮನಸ್ಸಿಗೆ ತಟ್ಟುತ್ತದೆ ಅಲ್ವಾ?

ಎಮರಿಯ ಹುಡುಗರು ಸೌತ್ ಕೆರೊಲಿನಾದ ರಾಕ್ ಹಿಲ್ ಎಂಬ ಊರಿನವರು. 2001ರಲ್ಲಿ ಊರು ಬಿಟ್ಟು, ದೇಶದ ಆ ತುದಿಯಲ್ಲಿರುವ ಸಿಯಾಟಲ್‌ಗೆ ಹೋದರು. ಅಲ್ಲಿಂದ ಬಂದ ಮೊದಲ ಆಲ್ಬಂ 2004ರ ‘ದ ವೀಕ್ಸ್ ಎಂಡ್’. ಮುಂದಿನ ವರ್ಷವೇ ‘ದ ಕ್ವೆಶ್ಚನ್’. ಇದನ್ನು ಪ್ರೊಡ್ಯೂಸ್ ಮಾಡಿದವರು ಏರನ್ ಸ್ಪ್ರಿಂಕಲ್. ಮೊದಲನೆಯದು ಸ್ವಲ್ಪ ಒರಟು. ಎರಡನೆಯದರಲ್ಲಿ ಪ್ರತಿ ದನಿಗೂ ತನ್ನದೇ ಜಾಗ ಇದೆ. ಗಿಟಾರ್ ಎಷ್ಟು ದಟ್ಟವಾಗಿದ್ದರೂ ಹಾಡುವವನ ಮಾತು ಮುಳುಗುವುದಿಲ್ಲ.

ನನ್ನನ್ನು ಹಿಡಿದಿಟ್ಟದ್ದು ಟೋಬಿ ಮೊರೆಲ್ ಮತ್ತು ಡೆವಿನ್ ಶೆಲ್ಟನ್ ಇಬ್ಬರ ಹಾಡುಗಾರಿಕೆ. ಒಬ್ಬ ಮುಖ್ಯ, ಇನ್ನೊಬ್ಬ ಹಿಂದೆ ನಿಂತು ಸುಮ್ನೆ ದನಿಗೂಡಿಸುವವನು ಎಂಬ ಲೆಕ್ಕ ಇಲ್ಲಿಲ್ಲ. ಒಳ್ಳೆಯ ಜುಗಲ್‌ಬಂದಿಯ ಹಾಗೆ ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಕೆಲವು ಕಡೆ ಇಬ್ಬರೂ ಬೇರೆ ಬೇರೆ ಸಾಲನ್ನು ಒಂದೇ ಹೊತ್ತಿಗೆ ಹಾಡುತ್ತಾರೆ. ಮೊದಲ ಸಲ ಕೇಳಿದಾಗ ಒಂದು ಸಾಲು ಸಿಗುತ್ತದೆ, ಮುಂದಿನ ಸಲ ಇನ್ನೊಂದು. ಇದರ ಮೇಲೆ ಕೀಬೋರ್ಡ್ ನುಡಿಸುವ ಜಾಶ್ ಹೆಡ್ ಬಂದು ಅರಚುತ್ತಾನೆ. ಆ ಅರಚು ಎಲ್ಲ ಕಡೆ ಇಲ್ಲ. ಹಾಡುವ ದನಿಗಳು ಇನ್ನು ಮುಂದೆ ಹೋಗಲಾರವು ಎನ್ನುವಾಗ ಬರುತ್ತದೆ, ಅದಕ್ಕೇ ಎದೆಗೆ ನಾಟುತ್ತದೆ. ಅರಚು ಕೇಳಿ ಅಭ್ಯಾಸ ಇಲ್ಲದವರು ‘ಸ್ಟಡಿಯಿಂಗ್ ಪಾಲಿಟಿಕ್ಸ್’ನಿಂದ ಶುರು ಮಾಡಿ. ಅದರ ಕೋರಸ್ ಒಮ್ಮೆ ಬಾಯಿಗೆ ಬಂದರೆ ಬಿಡುವುದಿಲ್ಲ.

ಯೇಸುವಿನ ಹೆಸರು ಹುಡುಕಿಕೊಂಡು ಹೋದರೆ ಈ ಆಲ್ಬಂನಲ್ಲಿ ಅಷ್ಟಾಗಿ ಸಿಗದು. ಸಿಗುವುದು ಸುಳ್ಳು, ಗುಟ್ಟು, ಮುರಿದ ಸಂಬಂಧ. ‘ಲೆಫ್ಟ್ ವಿತ್ ಅಲಿಬೈಸ್ ಆಂಡ್ ಲೈಯಿಂಗ್ ಐಸ್’, ‘ದ ಟೆರಿಬಲ್ ಸೀಕ್ರೆಟ್’ ಎಂಬ ಹಾಡಿನ ಹೆಸರುಗಳೇ ಸಾಕು. ನನಗೆ ಇದೇ ಹೆಚ್ಚು ನಿಜವಾದ ಭಕ್ತಿಯ ಸಂಗೀತ ಅನಿಸುತ್ತದೆ. ಉಪದೇಶ ಮಾಡುವುದಿಲ್ಲ, ಕೆಟ್ಟದ್ದನ್ನು ಮಾಡಿದವನ ಒಳಗನ್ನು ತೆರೆದು ತೋರಿಸುತ್ತದೆ.

ಈಗ ಅಂಡರ್‌ಓತ್. ಫ್ಲಾರಿಡಾದ ಬ್ಯಾಂಡು. 2004ರ ಆಲ್ಬಂ ಸ್ಪೆನ್ಸರ್ ಚೇಂಬರ್ಲೇನ್ ಬಂದ ಮೇಲಿನ ಮೊದಲನೆಯದು. ಅರಚುವುದು ಅವನು, ರಾಗ ಎಳೆಯುವುದು ಡ್ರಮ್ಸ್ ಬಾರಿಸುವ ಏರನ್ ಗಿಲೆಸ್ಪಿ. ‘ರೀಇನ್ವೆಂಟಿಂಗ್ ಯುವರ್ ಎಕ್ಸಿಟ್’ ಹಾಕಿದರೆ ಸುಮ್ಮನೆ ಕೂರಲು ಆಗುವುದಿಲ್ಲ, ಅಷ್ಟು ಚುರುಕು. ಆದರೆ ಆಲ್ಬಂ ಪೂರ್ತಿ ಒಂದೇ ಹುರುಪಿನಲ್ಲಿ ಓಡುತ್ತದೆ, ಅರ್ಧ ದಾಟುವಾಗ ನನ್ನ ಕಿವಿ ದಣಿಯುತ್ತದೆ. ಕೊನೆಯ ಹಾಡಿಗಾಗಿ ಮಾತ್ರ ಮತ್ತೆ ಮತ್ತೆ ಹೋಗುತ್ತೇನೆ. ಮೆತ್ತಗೆ ಶುರುವಾಗುವ ಆ ಹಾಡಿನಲ್ಲಿ ಯೇಸುವನ್ನು ನೇರವಾಗಿ ಹೆಸರು ಹಿಡಿದು ಕರೆಯುತ್ತಾರೆ.

‘ಡಿಫೈನ್ ದ ಗ್ರೇಟ್ ಲೈನ್’ ಬೇರೆಯೇ ಮಟ್ಟದ್ದು. ಮೊದಲ ವಾರವೇ 98,000 ಪ್ರತಿ ಮಾರಿ, ಅಮೆರಿಕದ ಆಲ್ಬಂಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ 2ನೇ ಜಾಗಕ್ಕೆ ಬಂತು. ಇಷ್ಟು ಗಡಸಾದ ಸಂಗೀತಕ್ಕೆ ಅದು ಸಣ್ಣ ಮಾತಲ್ಲ. ಹಿಂದಿನ ಆಲ್ಬಂನಿಂದ ಹೆಸರು ಬಂದಿದ್ದರೂ ಅದೇ ದಾರಿಯಲ್ಲಿ ಹೋಗದೆ, ರಾಗ ಕಡಿಮೆ ಮಾಡಿ ಭಾರ ಹೆಚ್ಚಿಸಿದರು. ಆ ಧೈರ್ಯಕ್ಕೆ ನನಗೆ ತುಂಬ ಗೌರವ ಇದೆ. ‘ಕಾಸ್ಟಿಂಗ್ ಸಚ್ ಎ ಥಿನ್ ಶ್ಯಾಡೋ’ದಲ್ಲಿ ಬಹಳ ಹೊತ್ತು ಮಾತೇ ಇಲ್ಲ, ಬರೀ ವಾದ್ಯ, ನಿಧಾನಕ್ಕೆ ಏರುತ್ತಾ ಹೋಗುತ್ತದೆ. ಒಂದು ಕಡೆ ಬೈಬಲ್ಲಿನ ಕೀರ್ತನೆಯನ್ನು ರಷ್ಯನ್ ಭಾಷೆಯಲ್ಲಿ ಓದುವುದೂ ಇದೆ. ಡ್ರಮ್ಸ್ ವಿಷಯದಲ್ಲಿ ಮೂರರಲ್ಲಿ ಇದೇ ಮೊದಲು.

ಆದರೆ ನನ್ನ ತಕರಾರು ಇರುವುದೂ ಇದರ ಮೇಲೇ. ಮೂರನ್ನೂ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಬೇರೆ ಬೇರೆಯವರಿಂದ. ಇದನ್ನು ಮಾರಿದವರು ಎಲ್ಲ ಸರಿಯಾಗಿದೆ ಎಂದು ಬರೆದಿದ್ದರು. ಬಂದ ಡಬ್ಬಿಯಲ್ಲಿ ಡಿಸ್ಕ್ ಗೀರಿಲ್ಲದೆ ಚೆನ್ನಾಗಿತ್ತು, ಹಾಡಿನ ಸಾಲುಗಳಿರುವ ಬುಕ್‌ಲೆಟ್ ಮಾತ್ರ ಇರಲಿಲ್ಲ. ಅದರ ಜಾಗದಲ್ಲಿ ಮುಖಪುಟದ ಕಲರ್ ಜೆರಾಕ್ಸ್ ಒಂದು ಹಾಳೆ. ಕೇಳಿದ್ದಕ್ಕೆ, ಹಾಡು ಬರುತ್ತಿದೆಯಲ್ಲ, ಇನ್ನೇನು ಬೇಕು ಎಂಬ ಉತ್ತರ ಬಂತು.

ಬೇರೆ ಸಂಗೀತವಾದರೆ ಬಿಟ್ಟುಬಿಡಬಹುದಿತ್ತು. ಇಲ್ಲಿ ಬುಕ್‌ಲೆಟ್ ಇಲ್ಲದಿದ್ದರೆ ಅರ್ಧ ಆಲ್ಬಂ ಇಲ್ಲದ ಹಾಗೆ. ಸಾಲುಗಳ ಬಹುಪಾಲು ಸ್ಪೆನ್ಸರ್‌ನ ಗಂಟಲಿನಿಂದ ಬರುತ್ತವೆ, ಎಷ್ಟು ಗಮನ ಕೊಟ್ಟರೂ ಮಾತು ಹಿಡಿಯಲು ಆಗುವುದಿಲ್ಲ. ಸಿಟ್ಟು ತಿಳಿಯುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ನೆಟ್‌ನಲ್ಲಿ ಹುಡುಕಿದೆ. ಒಂದೇ ಸಾಲು ಎರಡು ಸೈಟಿನಲ್ಲಿ ಎರಡು ಥರ. ಆ್ಯಪ್‌ನಲ್ಲಿ ಹಾಡಿನ ಜೊತೆ ಓಡುವ ಸಾಲುಗಳು ಅರಚು ಬಂದ ಕೂಡಲೇ ಹಿಂದೆ ಬೀಳುತ್ತವೆ. ಕೊನೆಗೆ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಹಾಡನ್ನು ನಿಲ್ಲಿಸಿ ನಿಲ್ಲಿಸಿ ತಾಳೆ ನೋಡಿದೆ.

ಹಾಗೆ ಓದಿದ ಮೇಲೆಯೇ ಗೊತ್ತಾಗಿದ್ದು, ಆ ಸಿಟ್ಟು ಹೆಚ್ಚು ಕಡೆ ತನ್ನ ಮೇಲೇ. ನಂಬಬೇಕು ಅನಿಸುತ್ತದೆ, ನಂಬಲು ಆಗುತ್ತಿಲ್ಲ, ಆ ಒದ್ದಾಟ. ಈ ಬ್ಯಾಂಡು 2013ರಲ್ಲಿ ನಿಂತುಹೋಯಿತು, 2015ರಲ್ಲಿ ಮತ್ತೆ ಕೂಡಿತು. 2018ರ ಹೊತ್ತಿಗೆ ತಮ್ಮದು ಕ್ರಿಶ್ಚಿಯನ್ ಬ್ಯಾಂಡು ಅಲ್ಲ ಎಂದು ಅವರೇ ಹೇಳಿದರು. ಅದು ತಿಳಿದು ಕೇಳಿದರೆ 2006ರ ಈ ಹಾಡುಗಳು ಇನ್ನಷ್ಟು ಕಾಡುತ್ತವೆ. ಇಂಥ ಸಾಲುಗಳನ್ನು ಕೇಳುವವನಿಂದ ಕಿತ್ತಿಟ್ಟುಕೊಂಡು ಬರೀ ಡಿಸ್ಕ್ ಮಾರುವುದು ಸರಿಯಲ್ಲ. ಈಗಲೂ ನನಗೆ ಅದು ಬೇಜಾರೇ.

ಎಮರಿಯ ಸಿಡಿಯಲ್ಲಿ ಬುಕ್‌ಲೆಟ್ ಇತ್ತು. ಆದರೆ ಅದನ್ನು ತೆರೆಯುವ ಮೊದಲೇ ಬಹಳಷ್ಟು ಸಾಲು ಬಾಯಿಗೆ ಬಂದಿದ್ದವು.

ಇನ್ನೊಂದು ಕಾರಣ ಪೂರ್ತಿ ನನ್ನ ಅಭ್ಯಾಸದ್ದು. ನನಗೆ ಸಂಗೀತಕ್ಕೆ ಬಿಡುವು ಸಿಗುವುದು ಮನೆಯವರೆಲ್ಲ ಮಲಗಿದ ಮೇಲೆ. ಸೌಂಡ್ ಕಡಿಮೆ ಇಟ್ಟು ಕೇಳಬೇಕು, ತುಂಬ ಹೊತ್ತು ಹೆಡ್‌ಫೋನ್ ಹಾಕಿದರೆ ತಲೆ ನೋಯುತ್ತದೆ. ‘ಡಿಫೈನ್ ದ ಗ್ರೇಟ್ ಲೈನ್’ ಅನ್ನು ಸಣ್ಣಗೆ ಇಟ್ಟರೆ ಅದರ ಭಾರ ಹೋಗಿಬಿಡುತ್ತದೆ, ಉಳಿಯುವುದು ಬರೀ ಕರಕರ. ‘ದ ಕ್ವೆಶ್ಚನ್’ ಸಣ್ಣಗೆ ಇಟ್ಟರೂ ರಾಗ ನಿಲ್ಲುತ್ತದೆ, ಆ ಎರಡು ದನಿ ಬೇರೆ ಬೇರೆಯಾಗಿ ಕೇಳುತ್ತವೆ. ಕಾರಿನಲ್ಲಿ ಒಬ್ಬರೇ ಹೋಗುವವರು, ಜೋರಾಗಿ ಹಾಕಿಕೊಳ್ಳಲು ಜಾಗ ಇರುವವರು ನನ್ನ ಮಾತು ಬಿಟ್ಟು 2006ರದ್ದನ್ನೇ ತಗೊಳ್ಳಿ. ಬುಕ್‌ಲೆಟ್ ಇದೆಯಾ ಅಂತ ಕೇಳಿಕೊಂಡು.

ಎಲ್‌ಪಿ, ಅಂದರೆ ದೊಡ್ಡ ವಿನೈಲ್ ತಟ್ಟೆ, ನನ್ನ ಬಜೆಟ್ಟಿನಲ್ಲಿ ಇಲ್ಲ. ಹೊರದೇಶದಿಂದ ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ಸಿಡಿಯ ಬೆಲೆಯ ಎಷ್ಟೋ ಪಟ್ಟು ಆಗುತ್ತದೆ. ಮೂರೂ ಸ್ಟ್ರೀಮಿಂಗ್‌ನಲ್ಲಿ ಸಿಗುತ್ತವೆ, ಮೊದಲು ಅಲ್ಲಿ ಕೇಳಿ ನೋಡಿ.

ಎಮರಿಯಲ್ಲಿ ಒಂದು ಕೊರತೆ ಇದೆ. ಪ್ರೊಡಕ್ಷನ್ ಎಷ್ಟು ನಯ ಎಂದರೆ ಕೆಲವು ಕಡೆ ಇನ್ನಷ್ಟು ಒರಟುತನ ಇರಬೇಕಿತ್ತು ಅನಿಸುತ್ತದೆ. ಅದು ಬೇಕಾದವರಿಗೆ ಅವರದೇ ‘ದ ವೀಕ್ಸ್ ಎಂಡ್’ ಇದೆ. ಅದೇ ಹೆಸರಿನ ಹಾಡು ಇರುವುದು ಮಾತ್ರ ‘ದ ಕ್ವೆಶ್ಚನ್’ನಲ್ಲಿ! ನನ್ನ ಮುಂದಿನ ಖರೀದಿ ಆ ಮೊದಲ ಆಲ್ಬಂ. ಒಂದು ಕಡೆ ಕಡಿಮೆ ಬೆಲೆಗೆ ಸಿಕ್ಕಿದೆ. ಬುಕ್‌ಲೆಟ್‌ನ ಒಳಪುಟಗಳ ಫೋಟೋ ಕಳಿಸಿ ಎಂದು ಬರೆದಿದ್ದೇನೆ, ಬಂದ ಮೇಲೆಯೇ ದುಡ್ಡು ಹಾಕುವುದು.