ಹರಳು ಸಿಕ್ಕಿತೆಂದು ಕಲ್ಚರ್ ಕೈಬಿಡಬೇಡಿ

ಹಿಂದೆ ಮೂರು ನಾಲ್ಕು ಸಲ ಗೌಟ್ (ಯೂರಿಕ್ ಆಮ್ಲದ, ಅಂದರೆ ಯುರೇಟ್, ಹರಳಿನಿಂದ ಬರುವ ಕೀಲೂತ) ಬಂದಿದ್ದ ರೋಗಿ, ಜೊತೆಗೆ ಮಧುಮೇಹ. ಈ ಸಲ ಮೊಣಕಾಲು ಊದಿ, ಕೆಂಪೇರಿ, ಮುಟ್ಟಗೊಡದಷ್ಟು ನೋವು. ಕೀಲಿನ ದ್ರವ ತೆಗೆದು ನೋಡಿದರೆ ಸೂಜಿಯಂಥ ಯುರೇಟ್ ಹರಳುಗಳು. ರೋಗ ಗೊತ್ತಾಯಿತೆಂದು ಎಲ್ಲರಿಗೂ ನೆಮ್ಮದಿ. ಉಳಿದ ದ್ರವವನ್ನು ಕಲ್ಚರಿಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸದೆ ಚೆಲ್ಲಿ, ಅದೇ ಕೀಲಿಗೆ ಸ್ಟೀರಾಯ್ಡ್ ಚುಚ್ಚುತ್ತಾರೆ. ಮರುದಿನ ನೋವು ತುಸು ಇಳಿಯುತ್ತದೆ. ಮೂರನೆಯ ದಿನ ಚಳಿಜ್ವರ. ಮತ್ತೆ ಸೂಜಿ ಹಾಕಿದಾಗ ಬರುವುದು ಕೀವು, ಕಲ್ಚರಿನಲ್ಲಿ ಬೆಳೆಯುವುದು ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ. ಅಷ್ಟರಲ್ಲಿ ಮೃದ್ವಸ್ಥಿ ಹಾಳಾಗಿರುತ್ತದೆ, ಅದು ಮತ್ತೆ ಬೆಳೆಯುವುದಿಲ್ಲ.

ಈ ಅನಾಹುತ ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಮತ್ತೆ ಮತ್ತೆ ನಡೆಯುತ್ತದೆ. ಗೌಟ್ ಇದ್ದರೆ ಸೋಂಕಿಲ್ಲ ಎಂಬ ಊಹೆಯೇ ಇದರ ಮೂಲ. ಎರಡೂ ಒಂದೇ ಕೀಲಿನಲ್ಲಿ ಇರಬಲ್ಲವು. ಗೌಟ್ ರೋಗಿಯ ಶಾಂತವಾಗಿರುವ ಕೀಲಿನಲ್ಲೂ ಹರಳು ಸಿಗುತ್ತದೆ. ಸಾಲದ್ದಕ್ಕೆ, ಸೋಂಕಿನ ಉರಿಯೂತವೇ ಅಂಗಾಂಶದಲ್ಲಿ ಕೂತಿದ್ದ ಹರಳುಗಳನ್ನು ದ್ರವಕ್ಕೆ ಉದುರಿಸಬಲ್ಲದು. ಹರಳು ಕಂಡರೆ ಹರಳಿದೆ ಎಂದಷ್ಟೇ ಅರ್ಥ.

ಕೀಲಿನ ದ್ರವದ ಬಿಳಿ ರಕ್ತಕಣಗಳ ಎಣಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ಘನ ಮಿಲಿಮೀಟರಿಗೆ 2,000 ದಾಟಿದರೆ ಉರಿಯೂತ, 50,000 ದಾಟಿದರೆ ಸೋಂಕಿನ ಶಂಕೆ ಎಂದು ಕಲಿಯುತ್ತೇವೆ. ಆದರೆ ಬರೀ ಗೌಟ್ 50,000 ದಾಟಬಲ್ಲದು; ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ ಸೋಂಕಿದ್ದೂ ಎಣಿಕೆ ಕಡಿಮೆ ಇರಬಲ್ಲದು. ಬಣ್ಣ ಹಾಕಿ ಬ್ಯಾಕ್ಟೀರಿಯಾ ಹುಡುಕುವ ಗ್ರಾಂ ಸ್ಟೇನಿನಲ್ಲಿ ಏನೂ ಕಾಣದಿದ್ದರೂ ಸೋಂಕು ತಳ್ಳಿಹೋಗುವುದಿಲ್ಲ. ಜ್ವರವಂತೂ ಎರಡರಲ್ಲೂ ಬರುತ್ತದೆ, ಎರಡರಲ್ಲೂ ಬಾರದೆಯೂ ಇರುತ್ತದೆ.

ಹಾಗಾಗಿ ದ್ರವ ತೆಗೆದ ಆ ಐದು ನಿಮಿಷವೇ ಮುಖ್ಯ. ಸೆಲ್ಯುಲೈಟಿಸ್ (ಚರ್ಮದ ಸೋಂಕು) ಇರುವ ಚರ್ಮದ ಮೂಲಕ ಸೂಜಿ ಹಾಕಬೇಡಿ. ಸೋಂಕನ್ನು ನೀವೇ ಒಳಗೆ ಒಯ್ದಂತಾದೀತು. ಕೃತಕ ಕೀಲಾದರೆ ಮೊದಲು ಮೂಳೆ ಶಸ್ತ್ರಚಿಕಿತ್ಸಕರನ್ನು ಕರೆಯಿರಿ. ದ್ರವ ಬಂದೊಡನೆ ಕಲ್ಚರಿಗೆ ಕ್ರಿಮಿರಹಿತ ಪಾತ್ರೆಯಲ್ಲಿ ಅಥವಾ ಬ್ಲಡ್ ಕಲ್ಚರ್ ಬಾಟಲಿಯಲ್ಲಿ ಕಳಿಸಿ, ಕಣಗಳ ಎಣಿಕೆಗೆ ಇಡಿಟಿಎ (ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬು. ಆಕ್ಸಲೇಟ್ ಇರುವ ಟ್ಯೂಬಿಗೆ ಹಾಕಿದರೆ ಟ್ಯೂಬೇ ಸುಳ್ಳು ಹರಳು ಹುಟ್ಟಿಸುತ್ತದೆ. ದ್ರವ ಬಂದದ್ದು ಒಂದೇ ಹನಿಯಾದರೆ? ಅದು ಕಲ್ಚರಿಗೆ ಹೋಗಲಿ. ರಕ್ತದ ಕಲ್ಚರನ್ನೂ ತೆಗೆದು, ಶಂಕೆ ಬಲವಾಗಿದ್ದರೆ ವರದಿಗೆ ಕಾಯದೆ ಆಂಟಿಬಯೋಟಿಕ್ ಶುರುಮಾಡಿ. ಸೋಂಕಿಲ್ಲವೆಂದು ಖಚಿತವಾಗುವವರೆಗೆ ಆ ಕೀಲಿಗೆ ಸ್ಟೀರಾಯ್ಡ್ ಬೇಡ.

ಹರಳು ಗುರುತಿಸುವಲ್ಲೂ ಎಡವುತ್ತಾರೆ. ಪೋಲರೈಸ್ಡ್ ಬೆಳಕಿನ ಸೂಕ್ಷ್ಮದರ್ಶಕದಲ್ಲಿ, ಕಾಂಪೆನ್ಸೇಟರ್ ಎಂಬ ಫಲಕದ ಅಕ್ಷಕ್ಕೆ ಸಮಾನಾಂತರವಾಗಿರುವಾಗ ಯುರೇಟ್ ಹಳದಿ, ಗೌಟನ್ನೇ ಹೋಲುವ ಇನ್ನೊಂದು ಕೀಲೂತದ ಹರಳಾದ ಕ್ಯಾಲ್ಸಿಯಂ ಪೈರೋಫಾಸ್ಫೇಟ್ ನೀಲಿ. ಎರಡನೆಯದು ಗಿಡ್ಡ, ಮಂಕು, ಕಣ್ಣು ತಪ್ಪಿಸುವಂಥದ್ದು. ಸಾಧಾರಣ ಬೆಳಕಿನಲ್ಲೂ ಹುಡುಕಿ. ಹಿಂದೆ ಚುಚ್ಚಿದ ಡಿಪೋ (ಕೀಲಿನಲ್ಲಿ ಉಳಿದು ನಿಧಾನವಾಗಿ ಕರಗುವ) ಸ್ಟೀರಾಯ್ಡಿನ ಕಣಗಳೂ ಪೋಲರೈಸ್ಡ್ ಬೆಳಕಿನಲ್ಲಿ ಹೊಳೆದು ಮೋಸಗೊಳಿಸುತ್ತವೆ. ರಕ್ತದ ಯೂರಿಕ್ ಆಮ್ಲವೂ ಆಸರೆಯಲ್ಲ: ದಾಳಿಯ ಹೊತ್ತಿನಲ್ಲಿ ಅದು ಸಹಜ ಮಟ್ಟದಲ್ಲಿರಬಹುದು, ದಾಳಿ ತಣ್ಣಗಾಗಿ ಎರಡು ವಾರವಾದ ಮೇಲೆ ಮತ್ತೆ ನೋಡಬೇಕು. ಇನ್ನು ಹೆಚ್ಚಿದ್ದ ಮಾತ್ರಕ್ಕೆ ಊದಿದ ಕೀಲೆಲ್ಲ ಗೌಟ್ ಆಗುವುದಿಲ್ಲ.

ಗೌಟಿನ ಔಷಧ ಕಾಲ್ಚಿಸಿನ್ ಬರೆಯುವ ಮುಂಚೆ ಮೂತ್ರಪಿಂಡದ ಸ್ಥಿತಿ ನೋಡಿ, ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್ ನಡೆಯುತ್ತಿದೆಯೇ ಕೇಳಿ. ಮೂತ್ರಪಿಂಡ ಕುಗ್ಗಿದ್ದು ಕ್ಲಾರಿಥ್ರೋಮೈಸಿನ್ನೂ ಕೂಡಿದರೆ ಕಾಲ್ಚಿಸಿನ್ ಮೈಯಲ್ಲಿ ಶೇಖರವಾಗಿ ಅಸ್ಥಿಮಜ್ಜೆಯನ್ನೇ ಕುಗ್ಗಿಸುತ್ತದೆ, ಸಾವುಗಳೂ ಆಗಿವೆ.

ಚಿಕಿತ್ಸೆ ಕೊಟ್ಟು ಎರಡು ದಿನವಾದರೂ ಕೀಲು ಇಳಿಯದಿದ್ದರೆ ಗೌಟಿನ ಔಷಧದ ಪ್ರಮಾಣ ಏರಿಸುತ್ತ ಕೂರಬೇಡಿ. ಮೊದಲ ಕಲ್ಚರಿನಲ್ಲಿ ಏನೂ ಬೆಳೆಯದಿದ್ದರೂ ಮತ್ತೆ ಸೂಜಿ ಹಾಕಿ ದ್ರವ ತೆಗೆಯಿರಿ.