ಹಿರಿಯರಿಗೆ ತೂಕ ಎತ್ತಿಸುವ ಜಯನಗರದ ಫಿಸಿಯೋ ಸೆಂಟರ್: ಖಂಡಿತ ಹೋಗಿ, ಮೆಟ್ಟಿಲು ಮಾತ್ರ ನೋಡಿಕೊಳ್ಳಿ

ಜಯನಗರ 4ನೇ ಬ್ಲಾಕ್ ಹತ್ತಿರದ ಈ ಸೆಂಟರ್‌ನಲ್ಲಿ 60 ದಾಟಿದವರಿಗೆ ಅಂತಲೇ ಬೆಳಗಿನ ಬ್ಯಾಚ್ ಇದೆ. ನಮ್ಮ ಅಮ್ಮ ಹೋಗುತ್ತಿದ್ದಾರೆ. ನನಗೆ ತುಂಬಾ ಹಿಡಿಸಿದೆ.

ಅಮ್ಮ ಲಾಲ್‌ಬಾಗ್‌ನಲ್ಲಿ ವಾಕಿಂಗ್ ತಪ್ಪಿಸುವವರಲ್ಲ. ಆದರೂ ಸೋಫಾದಿಂದ ಏಳಲು ಎರಡೂ ಕೈ ಊರಬೇಕು, ಬಸ್ ಹತ್ತಲು ಯಾರಾದರೂ ಕೈ ಹಿಡಿಯಬೇಕು. ವಯಸ್ಸಾಯ್ತಲ್ಲ, ಮಾಮೂಲಿ ಬಿಡಿ ಅನ್ನುವವರೇ ಜಾಸ್ತಿ. ಇಲ್ಲಿನ ಫಿಸಿಯೋ ಹಾಗೆ ಅನ್ನಲಿಲ್ಲ. ವಯಸ್ಸಾದಂತೆ ಸ್ನಾಯು ಕರಗಿ ಬಲ ಕಡಿಮೆಯಾಗುವುದಕ್ಕೆ ಸಾರ್ಕೋಪೀನಿಯಾ ಅನ್ನುತ್ತಾರೆ, ತೂಕ ಅಷ್ಟೇ ಇದ್ದರೂ ಒಳಗೆ ಸ್ನಾಯು ಹೋಗಿ ಕೊಬ್ಬು ಸೇರಿರಬಹುದು, ಅದಕ್ಕೆ ತೂಕದ ಮೆಷಿನ್ ನಂಬಬೇಡಿ ಅಂದರು. ಮೊದಲ ದಿನವೇ ಕೈ ಊರದೆ ಕುರ್ಚಿಯಿಂದ 5 ಸಲ ಎದ್ದು ಕೂರಲು ಹೇಳಿ ಗಡಿಯಾರ ಹಿಡಿದರು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಗಮನ ಕೊಡಬೇಕಂತೆ. ಕೈ ಹಿಡಿತವನ್ನೂ ಅಳೆದರು. ಏಷ್ಯಾದವರಿಗೆ 2019ರಲ್ಲಿ ಬಂದ ಮಾರ್ಗಸೂಚಿಯ ಪ್ರಕಾರ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಡಿಮೆ ಬಂದರೆ ಬಲ ಕುಗ್ಗಿದೆ ಅಂತ ಲೆಕ್ಕ.

ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಸ್ನಾಯು ಬೆಳೆಯಬೇಕಾದರೆ ಭಾರ ಬೀಳಲೇಬೇಕು. ಅದಕ್ಕೆ ಇಲ್ಲಿ ರಬ್ಬರ್ ಬ್ಯಾಂಡ್, ಸಣ್ಣ ಡಂಬೆಲ್, ಕುರ್ಚಿ ವ್ಯಾಯಾಮದಿಂದ ಶುರು ಮಾಡಿ ನಿಧಾನವಾಗಿ ಭಾರ ಏರಿಸುತ್ತಾರೆ, ಬಿಪಿ ನೋಡದೆ ಯಾರನ್ನೂ ಶುರು ಮಾಡಿಸುವುದಿಲ್ಲ. ಕಾಲಿನ ಬಲ ಹೋದರೆ ಬೀಳುವ ಭಯ, ಬಿದ್ದರೆ ಸೊಂಟದ ಮೂಳೆ ಮುರಿಯುವ ಭಯ, ಹಾಸಿಗೆ ಹಿಡಿದರೆ ಉಳಿದ ಸ್ನಾಯುವೂ ಬೇಗ ಕರಗುತ್ತದೆ. ಶುಗರ್ ಇರುವವರಿಗಂತೂ ಇದು ಇನ್ನೂ ಮುಖ್ಯ, ಯಾಕೆಂದರೆ ಊಟ ಆದ ಮೇಲೆ ರಕ್ತದ ಸಕ್ಕರೆಯನ್ನು ಹೆಚ್ಚು ಎಳೆದುಕೊಳ್ಳುವುದು ಸ್ನಾಯುವೇ.

ಪ್ರೋಟೀನ್ ಪೌಡರ್ ಡಬ್ಬ ಮಾರಲು ಬರಲಿಲ್ಲ, ಅದು ದೊಡ್ಡ ಸಮಾಧಾನ. ಮನೆಯ ಊಟವನ್ನೇ ಕೇಳಿದರು. ರಾತ್ರಿ ಬರೀ ಅನ್ನ ತಿಳಿಸಾರು ಸಾಲದು, ಹಿರಿಯರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂದರು. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ, ಹಾಗಾಗಿ ಹೆಸರುಕಾಳು ಉಸಲಿ, ಹುರುಳಿಕಾಳು, ಗಟ್ಟಿ ಮೊಸರು, ಪನೀರ್ ಬರೆದುಕೊಟ್ಟರು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಜಾಸ್ತಿ ಮಾಡಬೇಡಿ.

ಈಗ ಅಮ್ಮ ಕೈ ಊರದೆ ಏಳುತ್ತಾರೆ. ನನಗೆ ಅಷ್ಟು ಸಾಕು.

ಕೊರತೆಯೂ ಇದೆ. ಸೆಂಟರ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಒಂದೇ ಕಡೆ ಕಂಬಿ. ಮಂಡಿ ನೋವಿನವರ ಜೊತೆ ಒಬ್ಬರು ಇರಲೇಬೇಕು. ಶನಿವಾರ ಜನ ಜಾಸ್ತಿ, ಒಬ್ಬ ಫಿಸಿಯೋ ಎಲ್ಲರನ್ನೂ ನೋಡಲು ಆಗುವುದಿಲ್ಲ, ವಾರದ ದಿನವೇ ಹೋಗಿ. ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ ಇಂಗ್ಲಿಷ್‌ನಲ್ಲಿ ಮಾತ್ರ ಇದೆ. ಬರುವ ಅರ್ಧಕ್ಕರ್ಧ ಜನ ಕನ್ನಡ ಓದುವವರು, ದಯವಿಟ್ಟು ಕನ್ನಡದಲ್ಲೂ ಅಚ್ಚು ಹಾಕಿಸಿ, ಅಕ್ಷರ ದೊಡ್ಡದಿರಲಿ.